ನೆಲದಡಿಯ ಟ್ಯಾಂಕಿಗೆ ವಾರಸುದಾರರು ಯಾರು?

ಪಟ್ಟಣದಲ್ಲಿ ಪೆಟ್ರೋಲ್ ಬಂಕ್ ಒಂದು ತೆರೆಯುವಾಗ ನಡೆಯುವ ಸಂಭ್ರಮ ಎಲ್ಲರಿಗೂ ಗೊತ್ತು. ಜಿಲ್ಲಾಧಿಕಾರಿಗಳ ನಿರಾಕ್ಷೇಪಣಾ ಪತ್ರ, ಸ್ಫೋಟಕ ಇಲಾಖೆಯ ಪರವಾನಗಿ, ಅಗ್ನಿಶಾಮಕ ದಳದ ಪರಿಶೀಲನೆ, ಪೂಜೆ, ಹೂಮಾಲೆ ಎಲ್ಲವೂ ಇರುತ್ತವೆ. ಆದರೆ ಬಂಕ್ ಮುಚ್ಚುವ ದಿನ ಯಾವ ಸದ್ದೂ ಇರುವುದಿಲ್ಲ. ಪಂಪುಗಳನ್ನು ಕಳಚಿ ಲಾರಿಗೆ ಹೇರುತ್ತಾರೆ, ನಾಮಫಲಕ ಇಳಿಸುತ್ತಾರೆ, ನೆಲಕ್ಕೆ ಒಂದಿಷ್ಟು ಜಲ್ಲಿ ಸುರಿಯುತ್ತಾರೆ. ಕೆಲವು ವರ್ಷಗಳಲ್ಲಿ ಅದೇ ಜಾಗ ಆಟೊ ನಿಲ್ದಾಣವಾಗುತ್ತದೆ, ಸಂತೆಕಟ್ಟೆಯಾಗುತ್ತದೆ, ಇಲ್ಲವೇ ವಾಣಿಜ್ಯ ಮಳಿಗೆಯ ತಳಪಾಯವಾಗುತ್ತದೆ. ನೆಲದ ಮೇಲಿನದೆಲ್ಲ ಹೋದರೂ ನೆಲದ ಕೆಳಗಿನ ಉಕ್ಕಿನ ಟ್ಯಾಂಕು ಹೋಗಿರುವುದಿಲ್ಲ. ಅದನ್ನು ತೆಗೆಯುವುದು ದುಬಾರಿ, ಬಿಡುವುದು ಸುಲಭ.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಯೋಚಿಸುವುದಕ್ಕೆ ಕಾರಣವಿದೆ. ಈ ಮೂರೂ ಪಟ್ಟಣಗಳು ಬಹುಮಟ್ಟಿಗೆ ಬಸ್ಸಿನಿಂದ ಬೆಳೆದವು. ಅಡಿಕೆ, ಕಾಫಿ, ಮರಮುಟ್ಟು, ಶೃಂಗೇರಿಯ ಯಾತ್ರಿಕರು ಎಲ್ಲರ ಸಾಗಾಟವೂ ಘಟ್ಟದ ರಸ್ತೆಗಳನ್ನೇ ನಂಬಿತ್ತು. ಕೊಪ್ಪದ ಶಂಕರ್ ಕಂಪೆನಿಯ ಬಸ್ಸುಗಳು ಓಡಿದ್ದು ಈ ರಸ್ತೆಗಳಲ್ಲೇ. ಆ ಕಂಪೆನಿ ನಿಂತಾಗ 1991ರಲ್ಲಿ ಅದರ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಕಾರ್ಮಿಕರೇ ಮಾಲೀಕರಾದ ಆ ಸಂಸ್ಥೆ ದೇಶದ ಗಮನ ಸೆಳೆದು, ಡೀಸೆಲ್ ಬೆಲೆ ಮತ್ತು ನಷ್ಟದ ಭಾರ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಸಂಚಾರ ನಿಲ್ಲಿಸಿತು. ಆ ಸಂಸ್ಥೆಗಳ ಆವರಣದಲ್ಲಿ ಏನೋ ಸೋರಿದೆ ಎಂಬ ಆರೋಪ ಖಂಡಿತ ನನ್ನದಲ್ಲ. ನಾನು ಹೇಳುವುದಿಷ್ಟೆ: ಬಸ್ಸು, ಲಾರಿ, ಜೀಪುಗಳಿಂದ ಬದುಕು ಕಟ್ಟಿಕೊಂಡ ಸೀಮೆಯಲ್ಲಿ ಎಣ್ಣೆಯ ದಾಸ್ತಾನು ಬಂಕುಗಳಲ್ಲಷ್ಟೇ ಇರುವುದಿಲ್ಲ. ಸಾರಿಗೆ ಸಂಸ್ಥೆಗಳ ಶೆಡ್ಡುಗಳು, ಸಾಮಿಲ್ಲುಗಳು, ದೊಡ್ಡ ತೋಟಗಳು, ಸರ್ಕಾರಿ ಇಲಾಖೆಗಳ ವರ್ಕ್‌ಷಾಪುಗಳು ಎಲ್ಲೆಡೆ ಎಣ್ಣೆ ಬೇಕಾಗುತ್ತದೆ. ಇವುಗಳಲ್ಲಿ ಎಷ್ಟು ಕಡೆ ಟ್ಯಾಂಕು ಹೂಳಲಾಗಿತ್ತು, ಎಷ್ಟು ತೆಗೆಯಲಾಯಿತು ಎಂಬ ಲೆಕ್ಕವನ್ನು ಯಾವ ಒಂದು ಕಚೇರಿಯೂ ಇಟ್ಟುಕೊಂಡದ್ದನ್ನು ನನ್ನ ಸೇವಾವಧಿಯಲ್ಲಿ ಕಾಣಲಿಲ್ಲ.

ಖಾಲಿ ಟ್ಯಾಂಕಿನಿಂದ ಏನು ಅಪಾಯ ಎಂದು ಕೇಳುವವರಿದ್ದಾರೆ. ವಾಸ್ತವದಲ್ಲಿ ಖಾಲಿ ಟ್ಯಾಂಕು ಎಂಬುದು ಇಲ್ಲವೇ ಇಲ್ಲ. ಪಂಪಿನ ಹೀರುಕೊಳವೆ ಮುಟ್ಟದ ತಳದಲ್ಲಿ ಒಂದಿಷ್ಟು ಎಣ್ಣೆ, ತುಕ್ಕು ಮತ್ತು ಕೆಸರು ಉಳಿದೇ ಉಳಿಯುತ್ತದೆ. ದೇಶದಲ್ಲಿ ಸೀಸರಹಿತ ಪೆಟ್ರೋಲ್ ಕಡ್ಡಾಯವಾದದ್ದು 2000ದ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲಿನ ಟ್ಯಾಂಕಾದರೆ ಆ ಕೆಸರಿನಲ್ಲಿ ಸೀಸವೂ ಇರಬಹುದು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಬೆಂಕಿಗೆ ಹೆಚ್ಚು ಸಲೀಸು. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಶೇ 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿಯೇ ಸಾಕು. ಗುಜರಿಯವರಿಗೆ ಟ್ಯಾಂಕನ್ನು ತೂಕದ ಲೆಕ್ಕದಲ್ಲಿ ಮಾರಿ, ಅವರು ಗ್ಯಾಸ್ ಕಟ್ಟರ್ ಹಿಡಿದು ಅದರ ಮೇಲೆ ಕೂತರೆ ಏನಾಗಬಹುದೆಂದು ವಿವರಿಸಬೇಕಿಲ್ಲ.

ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. ಶೃಂಗೇರಿಯ ಕಡೆ ವರ್ಷದ ಮಳೆ ಸಾಮಾನ್ಯವಾಗಿ 3,000 ಮಿಲಿಮೀಟರ್ ದಾಟುತ್ತದೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಬಾವಿಯ ನೀರು ಬಗ್ಗಿ ಮುಟ್ಟುವಷ್ಟು ಮೇಲೇರುವ ಜಾಗಗಳು ಇಲ್ಲಿ ಬೇಕಾದಷ್ಟಿವೆ. 10,000 ಲೀಟರಿನ ಟ್ಯಾಂಕೊಂದು ನೀರು ತುಂಬಿದ ನೆಲದಲ್ಲಿ ಖಾಲಿಯಾಗಿ ಮಲಗಿದ್ದರೆ, ನೀರು ಅದನ್ನು ಸುಮಾರು 10 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಟ್ಯಾಂಕಿನ ಸ್ವಂತ ತೂಕ ಒಂದೆರಡು ಟನ್ ಮಾತ್ರ. ಮೇಲಿನ ಮಣ್ಣು ಮತ್ತು ಕಾಂಕ್ರೀಟು ಅದನ್ನು ಅದುಮಿ ಹಿಡಿದಿರುವಷ್ಟು ದಿನ ಸರಿ. ಮಣ್ಣು ಸಡಿಲವಾದರೆ ಟ್ಯಾಂಕು ಕದಲುತ್ತದೆ, ಬೆಸುಗೆ ಬಿಡುತ್ತದೆ, ಕೊಳವೆ ಮುರಿಯುತ್ತದೆ. ಉಕ್ಕು ತೀರ ಸವೆದಿದ್ದರೆ ಮೇಲೆ ನಿಂತ ಲಾರಿಯ ಭಾರಕ್ಕೆ ನೆಲವೇ ಕುಸಿಯಬಹುದು.

ಇನ್ನೂ ದೊಡ್ಡ ಚಿಂತೆ ನೀರಿನದು. ನಮ್ಮ ಸೀಮೆಯ ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು, ನೀರನ್ನು ತಡೆಯುವುದಕ್ಕಿಂತ ಹಾಯಿಸುವುದರಲ್ಲೇ ಚುರುಕು. ಸೆಕೆಂಡಿಗೆ ಒಂದು ಹನಿ ಸೋರಿದರೂ ವರ್ಷಕ್ಕೆ ಸುಮಾರು 1,500 ಲೀಟರ್ ಆಗುತ್ತದೆ. ಪೆಟ್ರೋಲು ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನ್, ಟೊಲ್ವೀನ್ ಮೊದಲಾದವು ನಿಧಾನವಾಗಿ ನೀರಿನಲ್ಲಿ ಕರಗಿ, ಇಳಿಜಾರು ಹಿಡಿದು ಸಾಗುತ್ತವೆ. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಸಾಬೀತಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ಇಂದಿನ ಪೆಟ್ರೋಲಿನಲ್ಲಿ ಅದಕ್ಕಿರುವ ಮಿತಿ ಶೇ 1. ಈ ಶತಮಾನದ ಆರಂಭದಲ್ಲಿ ದೇಶದ ಬಹುಭಾಗದಲ್ಲಿ ಶೇ 5ರವರೆಗೂ ಅವಕಾಶವಿತ್ತು. ಶೇ 1ರ ಲೆಕ್ಕವನ್ನೇ ಹಿಡಿದರೂ, ಒಂದು ಲೀಟರ್ ಪೆಟ್ರೋಲಿನ ಬೆಂಜೀನು ಪೂರ್ತಿ ಕರಗಿದರೆ 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಆರು ಅಡಿ ಅಗಲದ, ಹದಿನೈದು ಅಡಿ ನೀರು ನಿಂತ ಮನೆಬಾವಿಯಲ್ಲಿ ಇರುವುದು ಸುಮಾರು 12,000 ಲೀಟರ್. ಅಂದರೆ ಒಂದು ಲೀಟರ್ ಎಣ್ಣೆಗೆ ಎಪ್ಪತ್ತು ಬಾವಿಗಳ ನೀರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹಾಡಿ ಹೊಗಳಿದ ನೀರಿನ ನಾಡಿಗೆ ಈ ಲೆಕ್ಕ ಸಣ್ಣದಲ್ಲ. ಶೃಂಗೇರಿಯಲ್ಲಿ ತುಂಗೆಯನ್ನು ಸೇರಿದ್ದು ತೀರ್ಥಹಳ್ಳಿಗೂ ಶಿವಮೊಗ್ಗಕ್ಕೂ ಹರಿಯುತ್ತದೆ. ನರಸಿಂಹರಾಜಪುರದ ಪಕ್ಕದಲ್ಲೇ ಭದ್ರಾ ಜಲಾಶಯದ ಹಿನ್ನೀರು ಇದೆ.

ಸೇವೆಯಲ್ಲಿದ್ದಾಗ ಮಲೆನಾಡಿನ ಒಂದು ಪಟ್ಟಣದಲ್ಲಿ ಇಂಥದೊಂದು ಅರ್ಜಿ ನನ್ನ ಮುಂದೆ ಬಂದಿತ್ತು. ಬಸ್ ನಿಲ್ದಾಣದ ಹಿಂದಿನ ಮನೆಯೊಂದರ ಬಾವಿಯ ನೀರಿಗೆ ಬೇಸಿಗೆಯಲ್ಲಿ ಸೀಮೆಎಣ್ಣೆಯ ವಾಸನೆ ಎಂಬುದು ದೂರು. ಯಾರೋ ಸ್ಟವ್ ತೊಳೆದಿರಬೇಕೆಂದು ಮೊದಲು ಎಲ್ಲರೂ ನಕ್ಕರು. ಆಗಸ್ಟ್ ತಿಂಗಳಲ್ಲಿ ನೀರಿನ ಮಾದರಿ ತೆಗೆದರು. ವಾಸನೆಯೂ ಇಲ್ಲ, ದೋಷವೂ ಇಲ್ಲ ಎಂದು ವರದಿ ಬಂತು. ಮರುವರ್ಷದ ಏಪ್ರಿಲಿನಲ್ಲಿ ಅದೇ ಮನೆಯವರು ಒಂದು ಬಾಟಲಿ ನೀರನ್ನೇ ಹಿಡಿದು ಕಚೇರಿಗೆ ಬಂದರು. ಮುಚ್ಚಳ ತೆಗೆದಾಗ ನಗುವವರು ಯಾರೂ ಇರಲಿಲ್ಲ. ಹದಿನೈದು ವರ್ಷಗಳ ಹಿಂದೆ ಅಲ್ಲೊಂದು ಬಂಕ್ ಇತ್ತೆಂದು ಹೇಳಿದವರು ಕಚೇರಿಯ ದಾಖಲೆ ವಿಭಾಗದವರಲ್ಲ, ಎದುರಿನ ಪಂಕ್ಚರ್ ಅಂಗಡಿಯ ವೃದ್ಧರು.

ನಾನು ಮೂರು ಕಡೆಗೆ ಪತ್ರ ಬರೆದೆ. ಜಾಗ ಸ್ಥಳೀಯ ಸಂಸ್ಥೆಯದು, ಅದನ್ನೇ ಕೇಳಿ ಎಂದು ಎಣ್ಣೆಯ ಕಡೆಯವರು ಉತ್ತರಿಸಿದರು. ಗುತ್ತಿಗೆ ಮುಗಿದು ಬಾಡಿಗೆ ಚುಕ್ತಾ ಆಗಿದೆ, ಟ್ಯಾಂಕು ನಮ್ಮ ಆಸ್ತಿಯಲ್ಲ ಎಂದು ಸ್ಥಳೀಯ ಸಂಸ್ಥೆಯವರು ಬರೆದರು. ಪರವಾನಗಿ ಊರ್ಜಿತದಲ್ಲಿಲ್ಲವಾದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ ಎಂಬುದು ಮೂರನೆಯ ಉತ್ತರ. ಮೂರೂ ಉತ್ತರಗಳು ಕಾಗದದ ಮಟ್ಟಿಗೆ ಸರಿಯಾಗಿಯೇ ಇದ್ದವು. ನಾನು ವರ್ಗವಾಗಿ ಬರುವಾಗ ಕಡತ ಇನ್ನೂ ತಿರುಗುತ್ತಿತ್ತು. ಆ ಮನೆಯವರು ಬಾವಿಗೆ ಚಪ್ಪಡಿ ಮುಚ್ಚಿ ನಲ್ಲಿಯ ಸಂಪರ್ಕ ಪಡೆದರು. ಖರ್ಚು ಅವರದೇ.

ಆಗಸ್ಟಿನ ವರದಿ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅಂತರ್ಜಲ ಏರಿಳಿದಂತೆ ಅದರ ಮೇಲೆ ತೇಲುವ ಎಣ್ಣೆಯೂ ಏರಿಳಿಯುತ್ತದೆ. ಇಳಿಯುವಾಗ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದ ಹೊಸ ನೀರು ಅದನ್ನು ತೆಳುವಾಗಿಸುತ್ತದೆ. ಆದ್ದರಿಂದ ಒಂದೇ ಸಲ ತೆಗೆದ ಮಾದರಿಯಿಂದ ಮಲೆನಾಡಿನ ಬಾವಿಯ ಬಗ್ಗೆ ತೀರ್ಮಾನಕ್ಕೆ ಬರುವುದು ತಪ್ಪು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷೆ ಆಗಲೇಬೇಕು.

ಹೊಣೆ ಹೀಗೆ ಕೈಜಾರುವುದಕ್ಕೆ ಚಾರಿತ್ರಿಕ ಕಾರಣವೂ ಇದೆ. ಹಳೆಯ ಬಂಕುಗಳನ್ನು ತೆರೆದ ಎಸ್ಸೊ, ಬರ್ಮಾ ಷೆಲ್, ಕಾಲ್ಟೆಕ್ಸ್ ಕಂಪೆನಿಗಳು 1974ರಿಂದ 1978ರೊಳಗೆ ಸರ್ಕಾರದ ವಶವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂಗಳಲ್ಲಿ ಲೀನವಾದವು. ಜಾಗ ಒಬ್ಬರದು, ಟ್ಯಾಂಕು ಇನ್ನೊಬ್ಬರದು, ವ್ಯಾಪಾರ ಮತ್ತೊಬ್ಬರದು ಎಂಬ ವ್ಯವಸ್ಥೆಯಲ್ಲಿ ಒಂದು ತಲೆಮಾರು ಕಳೆದರೆ ಮೂವರ ವಾರಸುದಾರರೂ ಬದಲಾಗಿರುತ್ತಾರೆ. ಲಾಭವಿದ್ದಷ್ಟು ದಿನ ಮೂವರೂ ಹಕ್ಕುದಾರರು. ತೆಗೆಯುವ ಖರ್ಚು ಬಂದಾಗ ಒಬ್ಬರೂ ಇಲ್ಲ. ಒಬ್ಬನ ವ್ಯವಹಾರದ ವೆಚ್ಚ ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದವನ ತಲೆಗೆ ಬೀಳುವ ಈ ಬಗೆಯನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಚರ್ಚಿಸಿದ್ದರು. ನಮ್ಮ ವಿದ್ಯಾರ್ಥಿಗಳು ಇಂದಿಗೂ ಅದನ್ನು ಪರೀಕ್ಷೆಗೆ ಓದುತ್ತಾರೆ.

ಕಾನೂನುಗಳು ಇಲ್ಲವೆಂದಲ್ಲ. 1934ರ ಪೆಟ್ರೋಲಿಯಂ ಅಧಿನಿಯಮವಿದೆ, ಅದರಡಿ 2002ರ ನಿಯಮಗಳಿವೆ. ಎಣ್ಣೆ ತುಂಬಿದ್ದ ಟ್ಯಾಂಕನ್ನು ಶುಚಿಗೊಳಿಸಿ, ಆವಿ ಉಳಿದಿಲ್ಲವೆಂದು ಪರೀಕ್ಷಿಸಿ ದೃಢೀಕರಿಸುವ ತನಕ ಅದರೊಳಗೆ ಇಳಿಯುವಂತಿಲ್ಲ, ಬೆಂಕಿಯ ಕೆಲಸ ಮಾಡುವಂತಿಲ್ಲ. ಹೊಸ ಬಂಕುಗಳು ಶಾಲೆ, ಆಸ್ಪತ್ರೆ ಮತ್ತು ವಸತಿ ಪ್ರದೇಶದಿಂದ 50 ಮೀಟರ್ ದೂರವಿರಬೇಕು, ಅನಿವಾರ್ಯವಾದರೂ 30 ಮೀಟರಿಗಿಂತ ಹತ್ತಿರವಿರಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇವೆಲ್ಲ ಬದುಕಿರುವ ಬಂಕಿನ ಸುತ್ತಲಿನ ಕಾಳಜಿಗಳು. ಸತ್ತ ಬಂಕಿನ ಬಗ್ಗೆ ನಾನು ನೋಡಿದ ಸ್ಥಳೀಯ ಸಂಸ್ಥೆಗಳ ಗುತ್ತಿಗೆ ಪತ್ರಗಳಲ್ಲಿ ಒಂದೇ ಒಂದು ಸಾಲು ಇರುತ್ತಿತ್ತು: ಜಾಗವನ್ನು ಖಾಲಿ ಮಾಡಿ ಸುಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು. ‘ಸುಸ್ಥಿತಿ’ ನೆಲದ ಮೇಲಿನದೋ ಕೆಳಗಿನದೋ ಎಂದು ಯಾರೂ ಕೇಳಿರಲಿಲ್ಲ.

ಅಮೆರಿಕದ ಅನುಭವವನ್ನು ಇಲ್ಲಿ ನೆನೆಯಬಹುದು. ಅಲ್ಲಿ ನೆಲದಡಿಯ ಟ್ಯಾಂಕುಗಳಿಗಾಗಿಯೇ 1984ರಲ್ಲಿ ಕಾನೂನು ಬಂತು. ಹಳೆಯ ಟ್ಯಾಂಕುಗಳನ್ನು ಸುಧಾರಿಸಿಕೊಳ್ಳಲು ಇಲ್ಲವೇ ಮುಚ್ಚಲು 1998ರ ಡಿಸೆಂಬರ್ ತನಕ ಗಡುವು ಕೊಡಲಾಯಿತು. ಮುಚ್ಚುವವರು ಮೊದಲೇ ತಿಳಿಸಬೇಕು, ಟ್ಯಾಂಕನ್ನು ಬರಿದು ಮಾಡಿ ತೊಳೆದು ಹೊರತೆಗೆಯಬೇಕು ಅಥವಾ ಜಡವಸ್ತುವಿನಿಂದ ಗಿಡಿದು ತುಂಬಬೇಕು, ಸುತ್ತಲಿನ ಮಣ್ಣು ಕೆಟ್ಟಿದೆಯೇ ಎಂದು ಪರೀಕ್ಷಿಸಬೇಕು. ಹೀಗೆ ಹುಡುಕಲು ಹೊರಟಾಗ ಇದುವರೆಗೆ ಖಚಿತಪಟ್ಟ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. ಹೊಣೆಗಾರ ಸಿಗದ ಕಡೆ ಖರ್ಚಿಗೆಂದು 1986ರಲ್ಲಿ ಒಂದು ನಿಧಿ ಸ್ಥಾಪಿಸಿ, ಪ್ರತಿ ಗ್ಯಾಲನ್ ಎಣ್ಣೆಗೆ ಒಂದು ಸೆಂಟಿನ ಹತ್ತರಲ್ಲೊಂದು ಭಾಗ ತೆರಿಗೆ ಹಾಕಿದರು. ನಮ್ಮಲ್ಲಿ ಸೋರಿಕೆ ಕಡಿಮೆ ಎನ್ನುವುದಕ್ಕೆ ಆಧಾರವಿಲ್ಲ. ನಾವು ಹುಡುಕಿಲ್ಲ, ಅಷ್ಟೆ.

ನೆಲ ಮತ್ತು ನೀರು ಕೆಟ್ಟ ಮೇಲೆ ಸರಿಪಡಿಸುವುದು ಎಷ್ಟು ದೀರ್ಘ ಕೆಲಸವೆಂದು ತಿಳಿಯಲು ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಪ್ರಕರಣ ನೋಡಬಹುದು. ಅಲ್ಲಿ ಬಾವಿಗಳನ್ನು ಕೆಡಿಸಿದ್ದು ರಾಸಾಯನಿಕ ಕಾರ್ಖಾನೆಯ ಕೆಸರು. ಮಾಲಿನ್ಯ ಮಾಡಿದವನೇ ಖರ್ಚು ಭರಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಆ ಹಣದ ವಿಚಾರವಾಗಿಯೇ ನ್ಯಾಯಾಲಯ 2011ರಲ್ಲಿ ಮತ್ತೊಮ್ಮೆ ಕಠಿಣ ಆದೇಶ ಮಾಡಬೇಕಾಯಿತು. ತಪ್ಪಿತಸ್ಥರು ಕಣ್ಣೆದುರೇ ಇದ್ದ ಪ್ರಕರಣದ ಗತಿ ಇದಾದರೆ, ವಾರಸುದಾರರೇ ಗೊತ್ತಿಲ್ಲದ ಟ್ಯಾಂಕಿನ ಪಕ್ಕದ ಬಾವಿಯವರು ಯಾರ ಬಾಗಿಲು ತಟ್ಟಬೇಕು?

ಈಗ ಪರಿಸ್ಥಿತಿ ಕೊಂಚ ಬದಲಾಗಿದೆ. ಮಲಿನಗೊಂಡ ತಾಣಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ಅಧಿಸೂಚಿಸಿತು. ಇವುಗಳ ಪ್ರಕಾರ ಶಂಕಿತ ತಾಣಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಕೊಡಬೇಕಾದ್ದು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತಾದ ಅವಧಿಯೊಳಗೆ ಪರಿಶೀಲಿಸಬೇಕು. ಕೆಡಿಸಿದವರು ಪತ್ತೆಯಾದರೆ ಖರ್ಚು ಅವರದು, ಪತ್ತೆಯಾಗದಿದ್ದರೆ ಸರ್ಕಾರಗಳದು. ಮೂರು ಪತ್ರಗಳಿಗೆ ಮೂರು ಉತ್ತರ ಬರುವ ಕಾಲ ಇದರಿಂದ ಮುಗಿಯಬೇಕು. ಆದರೆ ನಿಯಮ ಕೆಲಸ ಮಾಡುವುದು ಯಾರಾದರೂ ಪಟ್ಟಿ ಬರೆದಾಗ ಮಾತ್ರ. ಪಟ್ಟಿಯಲ್ಲಿಲ್ಲದ ಟ್ಯಾಂಕಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಪಟ್ಟಣ ಪಂಚಾಯಿತಿಗಳು ಈ ಕೆಲಸದಲ್ಲಿ ಬೆಂಗಳೂರಿಗಿಂತ ಮುಂದಾಗಬಹುದು ಎಂದು ನನಗನ್ನಿಸುವುದು ಇಲ್ಲಿಯೇ. ಇಲ್ಲಿನ ಪೇಟೆಗಳು ಚಿಕ್ಕವು, ಹಳಬರಿಗೆ ಎಲ್ಲವೂ ಗೊತ್ತು. ಎಣ್ಣೆ ಟ್ಯಾಂಕರ್ ಎಲ್ಲಿ ನಿಲ್ಲುತ್ತಿತ್ತು, ಅಳತೆಕೋಲು ಎಲ್ಲಿ ಇಳಿಸುತ್ತಿದ್ದರು ಎಂಬುದನ್ನು ಹಳೆಯ ಡ್ರೈವರು, ಮೆಕ್ಯಾನಿಕ್, ಕ್ಲೀನರುಗಳು ಬೆರಳಿಟ್ಟು ತೋರಿಸಬಲ್ಲರು. ಅವರಲ್ಲಿ ಬಹುಮಂದಿ ಈಗ ಎಪ್ಪತ್ತು ದಾಟಿದವರು. ಕಡತಗಳು ಗೆದ್ದಲಿಗೆ ಹೋದವು. ಇನ್ನು ಹತ್ತು ವರ್ಷಗಳಲ್ಲಿ ಈ ನೆನಪೂ ಹೋಗುತ್ತದೆ. ಆಮೇಲೆ ನೆಲದೊಳಗೆ ಹುಡುಕಲು ರೇಡಾರ್ ಯಂತ್ರ ಬಾಡಿಗೆಗೆ ತರಬೇಕಾಗುತ್ತದೆ. ಈಗಾದರೆ ಒಂದು ಸಭೆ, ಒಂದು ನಕ್ಷೆ, ಒಂದು ಕೆಂಪು ಪೆನ್ಸಿಲ್ ಸಾಕು.

ಮುಖ್ಯಾಧಿಕಾರಿಗಳು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇಷ್ಟು. ಪಂಚಾಯಿತಿಯ ಆಸ್ತಿ ವಹಿ ಮತ್ತು ಹಳೆಯ ಗುತ್ತಿಗೆ ಪತ್ರಗಳನ್ನು ಮುಂದಿಟ್ಟುಕೊಂಡು, ಹಿರಿಯರನ್ನು ಕರೆದು, ಬಂಕ್ ಅಥವಾ ದಾಸ್ತಾನು ಇದ್ದ ಜಾಗಗಳನ್ನು ಗುರುತು ಹಾಕುವುದು. ಗೋಡೆಯಂಚಿನಲ್ಲಿ ಕಾರಣವಿಲ್ಲದೆ ನಿಂತ ಕಬ್ಬಿಣದ ಗಾಳಿಕೊಳವೆ, ನೆಲದಲ್ಲಿ ಹುದುಗಿದ ದುಂಡು ಮುಚ್ಚಳಗಳನ್ನು ಗಮನಿಸುವುದು. ಸುತ್ತಲಿನ ಬಾವಿಗಳ ನೀರನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸುವುದು. ಟ್ಯಾಂಕು ಸಿಕ್ಕಲ್ಲಿ ಅದನ್ನು ಗುಜರಿಗೆ ಕೊಡದೆ, ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಗೆ ತಿಳಿಸಿ, ನುರಿತವರಿಂದಲೇ ತೆಗೆಸುವುದು ಇಲ್ಲವೇ ತುಂಬಿಸುವುದು. ಮಳಿಗೆ ಕಟ್ಟಲು ಜಾಗ ಹರಾಜು ಹಾಕುವ ಮುನ್ನ ಈ ಪ್ರಮಾಣಪತ್ರ ಕಡ್ಡಾಯವೆಂದು ನಿರ್ಣಯ ಮಾಡುವುದು.

ಮುಂದಿನ ಗುತ್ತಿಗೆಗಳ ಮಾತೂ ಇದೆ. ದೇಶದ ಬಂಕುಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ 1 ಲಕ್ಷ ದಾಟಿದೆ. ವಿದ್ಯುತ್ ವಾಹನಗಳು ಹೆಚ್ಚಿದಂತೆ ಇವುಗಳಲ್ಲಿ ಹಲವು ಮುಚ್ಚುವುದೂ ಖಚಿತ. ಟ್ಯಾಂಕು ತೆಗೆಸುವ ವೆಚ್ಚವನ್ನು ಗುತ್ತಿಗೆಯ ಮೊದಲ ದಿನವೇ ಠೇವಣಿಯಾಗಿ ಪಡೆದು, ನೆಲ ಶುದ್ಧವೆಂದು ದೃಢಪಟ್ಟ ಮೇಲಷ್ಟೇ ಬಡ್ಡಿ ಸಹಿತ ಹಿಂತಿರುಗಿಸುವ ಒಂದು ಕಲಮು ಸೇರಿಸಿದರೆ ಸಾಕು. ಸ್ವಂತ ಹಣ ಸಿಕ್ಕಿಕೊಂಡಿದ್ದಾಗ ಯಾರೂ ಟ್ಯಾಂಕನ್ನು ಮರೆಯುವುದಿಲ್ಲ. ವಾರಸುದಾರರಿಲ್ಲದ ಹಳೆಯವುಗಳಿಗೆ ಸರ್ಕಾರವೇ ಹಣ ಹೊಂದಿಸಬೇಕು. ದೇಶದಲ್ಲಿ 2024–25ರಲ್ಲಿ ಸುಮಾರು 4 ಕೋಟಿ ಟನ್ ಪೆಟ್ರೋಲು, 9 ಕೋಟಿ ಟನ್ನಿಗೂ ಹೆಚ್ಚು ಡೀಸೆಲು ಬಳಕೆಯಾಯಿತು. ಲೀಟರಿನ ಲೆಕ್ಕದಲ್ಲಿ ಅದು 16,000 ಕೋಟಿ ಮೀರುತ್ತದೆ. ಲೀಟರಿಗೆ ಒಂದು ಪೈಸೆ ತೆಗೆದಿಟ್ಟರೂ ವರ್ಷಕ್ಕೆ 160 ಕೋಟಿ ರೂಪಾಯಿ. ಆ ಒಂದು ಪೈಸೆ ಯಾವ ವಾಹನ ಮಾಲೀಕರ ಗಮನಕ್ಕೂ ಬಾರದು.

ಎಣ್ಣೆಯ ಮೇಲೆ ಓಡಿದ ಒಂದು ಶತಮಾನದ ಅನುಕೂಲವನ್ನು ನಾವೆಲ್ಲ ಪಡೆದಿದ್ದೇವೆ. ಅದರ ಕಡೆಯ ಕಂತು ಬಾಕಿ ಇದೆ. ಆ ಕಂತನ್ನು ನಿಲ್ದಾಣದ ಹಿಂದಿನ ಬಾವಿಯ ಮನೆಯವರೇ ಕಟ್ಟುವಂತಾಗಬಾರದು. ಮುಂದಿನ ಮುಂಗಾರು ಹಿಡಿಯುವ ಮುನ್ನ ಮೂರು ಪಟ್ಟಣ ಪಂಚಾಯಿತಿಗಳಲ್ಲಿ ಒಂದಾದರೂ ಆ ಪಟ್ಟಿಯ ಮೊದಲ ಸಾಲನ್ನು ಬರೆಯಲಿ.